ಕತ್ಲೈತಿ ಅಂದರೆ ಬಾಗಿಲು ತೆಗೆಯಬಾರದು

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಕರೆಂಟು ಹೋಯಿತು. ಹೊತ್ತು ಇಷ್ಟು ನಿಖರವಾಗಿ ನೆನಪಿರುವುದಕ್ಕೆ ಅಜ್ಜಿ ಕಾರಣ. ಪಕ್ಕದ ಹಿಟ್ಟಿನ ಗಿರಣಿಯ ಸದ್ದು ನಿಂತ ಕೂಡಲೇ ಪಡಸಾಲೆಯಲ್ಲಿ ಮಂಡಕ್ಕಿ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ನನ್ನನ್ನು ಕೇಳಿದಳು.

"ಟೈಮ್ ಎಷ್ಟಾತು ನೋಡು ಗಿರಿಜವ್ವ. ನಮ್ಮ ಜ್ವಾಳ ಗಿರಣ್ಯಾಗ ಐತಿ."

"ಮೂರು ಇಪ್ಪತ್ತಜ್ಜಿ."

"ಅರ್ಧ ಬೀಸಿರ್ತಾನ, ಅರ್ಧ ಇಲಿಗೆ ಬಿಟ್ಟಿರ್ತಾನ, ಹಾಳಾದಾಂವ."

ಅದು ಶ್ರಾವಣದ ಮೊದಲ ಸೋಮವಾರ. ಬೆಳಗಿನಿಂದ ಜಿಟಿಜಿಟಿ ಮಳೆ ಹಿಡಿದಿತ್ತು. ಶಾಲೆಯ ಹೆಂಚು ಸೋರುತ್ತಿದ್ದುದರಿಂದ ನಮ್ಮನ್ನು ಊಟದ ಹೊತ್ತಿಗೇ ಮನೆಗೆ ಬಿಟ್ಟಿದ್ದರು. ಕೊಟ್ಟೂರಿನಲ್ಲಿ ಆಗ ಕರೆಂಟು ಹೋಗುವುದು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವ ಸಂಗತಿಯಾಗಿರಲಿಲ್ಲ. ಅಜ್ಜಿ ಮತ್ತೆ ಮೊರ ಎತ್ತಿಕೊಂಡಳು, ನಾನು ಪುಸ್ತಕಕ್ಕೆ ತಲೆಬಾಗಿಸಿದೆ. ಮನೆಯ ಹಿಂಭಾಗದ ಕೋಣೆಯಲ್ಲಿ ಅಪ್ಪ ಬಾಗಿಲು ಹಾಕಿಕೊಂಡು ಫಿಲ್ಮ್ ತೊಳೆಯುತ್ತಿದ್ದ. ಆ ಕೋಣೆಯ ಗಾಳಿಯನ್ನು ಹೊರಗೆ ಎಳೆಯುವ ಪುಟ್ಟ ಫ್ಯಾನು ಗಿರಣಿಯ ಜೊತೆಗೇ ನಿಂತಿತು. ನಿಂತದ್ದು ನಮಗೆ ಕೇಳಿಸಲೂ ಇಲ್ಲ. ಈಗಲೂ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ನಿಮಿಷದಲ್ಲಿ. ಗೋಡೆಯ ಗಡಿಯಾರ, ಅಜ್ಜಿಯ ಮೊರ, ಮಳೆಯ ಸದ್ದು, ಎಲ್ಲವೂ ಇದ್ದ ಹಾಗೆಯೇ ಇವೆ. ಯಾರೂ ಏಳುವುದಿಲ್ಲ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬೀದಿಯ ಕಡೆಗೆ ಅಪ್ಪನ ಫೋಟೊ ಸ್ಟುಡಿಯೊ, ಆಮೇಲೆ ಪಡಸಾಲೆ, ನಡುಮನೆ, ಅಡುಗೆಮನೆ, ಕೊನೆಗೆ ಹಿತ್ತಲಿಗೆ ಆತುಕೊಂಡಿದ್ದ ಆ ಕೋಣೆ. ಅಜ್ಜನ ಕಾಲದಲ್ಲಿ ಅಲ್ಲಿ ಜೋಳ ತುಂಬಿಡುತ್ತಿದ್ದರಂತೆ. ಅಪ್ಪ ಮಾಳಿಗೆಯ ಗವಾಕ್ಷಿಗೆ ತಗಡು ಬಡಿದು ಡಾಂಬರು ಮೆತ್ತಿದ, ಬಾಗಿಲಿನ ಸುತ್ತ ಹಳೆಯ ಕಂಬಳಿಯ ಅಂಚು ಹೊಡೆದ, ಒಳಗಡೆ ಎರಡು ಪದರ ಕರಿ ಪರದೆ ಇಳಿಬಿಟ್ಟ. ಫ್ಯಾನಿಗೆ ಮೊಣಕೈಯಂತೆ ಬಾಗಿದ ತಗಡಿನ ಕೊಳವೆ ಮಾಡಿಸಿ ಅದರ ಒಳಮೈಗೆ ಕಪ್ಪು ಬಣ್ಣ ಬಳಿದ. ಬೆಳಕು ಆ ತಿರುವಿನಲ್ಲಿ ಹೊರಳಲಾರದು, ಗಾಳಿ ಹೊರಳುತ್ತದೆ ಎಂದು ನನಗೆ ತೋರಿಸಿಕೊಟ್ಟಿದ್ದ. ಮನೆಯವರೆಲ್ಲ ಅದನ್ನು ಕತ್ತಲಕೋಣೆ ಎನ್ನುತ್ತಿದ್ದೆವು. ಮಧ್ಯಾಹ್ನ ಹನ್ನೆರಡಕ್ಕೆ ಒಳಗೆ ಹೋಗಿ ನಿಂತರೂ ನಮ್ಮ ಕೈ ನಮಗೆ ಕಾಣುತ್ತಿರಲಿಲ್ಲ.

ಅಪ್ಪ ವಿಮಾನಪಡೆಯಲ್ಲಿದ್ದು ಬಂದವನು. ಓಣಿಯ ಹುಡುಗರು ಅವನನ್ನು ವಿಮಾನ ಹಾರಿಸಿದವನೆಂದೇ ತಿಳಿದಿದ್ದರು. ಅವನು ಮಾತ್ರ ಒಮ್ಮೆಯೂ ಹಾರಿರಲಿಲ್ಲ. ಶತ್ರುವಿನ ನೆಲದ ಮೇಲೆ ಹಾರಿ ಫೋಟೊ ತೆಗೆದು ಬಂದ ವಿಮಾನದಿಂದ ಫಿಲ್ಮಿನ ಡಬ್ಬಿಯನ್ನು ಬಿಚ್ಚಿ ತಂದು ಕತ್ತಲಲ್ಲಿ ತೊಳೆದು ಮುದ್ರಿಸಿ ಕೊಡುವುದು ಅವನ ಕೆಲಸವಾಗಿತ್ತು. ಆ ಫೋಟೊಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿದರೆ ಸೇತುವೆ, ರೈಲು ಹಳಿ, ಫಿರಂಗಿಗಳೆಲ್ಲ ಎಲ್ಲೆಲ್ಲಿವೆ ಎಂಬ ನಕ್ಷೆಯಾಗುತ್ತಿತ್ತು. ಯುದ್ಧವನ್ನು ಅಪ್ಪ ನೋಡಿದ್ದು ಟ್ರೇಯೊಳಗಿನ ನೀರಿನಲ್ಲಿ, ಬಿಳಿ ಕಾಗದದ ಮೇಲೆ ನಿಧಾನವಾಗಿ ಮೂಡಿಬರುವ ಕಪ್ಪಿನಲ್ಲಿ. ಒಮ್ಮೆ ಅವರು ಒಳಗಿದ್ದಾಗ ಬಾಂಬು ದಾಳಿಯ ಸೈರನ್ ಕೂಗಿತಂತೆ. ಜೊತೆಯ ಹುಡುಗನೊಬ್ಬ ಹೊರಗೆ ಓಡಲು ಹೋದಾಗ ಮೇಲಧಿಕಾರಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಫಿಲ್ಮು ಹೈಪೊಕ್ಕೆ ಬೀಳುವವರೆಗೆ ಯಾರೂ ಕದಲಕೂಡದು ಎಂದನಂತೆ. ಹೈಪೊ ಎಂದರೆ ಕೊನೆಯ ಟ್ರೇಯ ದ್ರಾವಣ. ಅದರಲ್ಲಿ ಮುಳುಗಿದ ಮೇಲೆ ಫಿಲ್ಮಿಗೆ ಬೆಳಕಿನ ಭಯವಿಲ್ಲ. ಅದಕ್ಕೆ ಮೊದಲು ಕೂದಲೆಳೆಯಷ್ಟು ಬೆಳಕು ಬಿದ್ದರೂ ಎಲ್ಲ ಹೋದಂತೆ. ಅಪ್ಪ ಈ ಕಥೆಯನ್ನು ಊಟಕ್ಕೆ ಕೂತಾಗ ಎಷ್ಟೋ ಸಲ ಹೇಳಿದ್ದ. ಹೇಳಿದಾಗಲೆಲ್ಲ ಬಾಗಿಲಿಗೆ ಬೆನ್ನು ಕೊಟ್ಟವನ ಪರವಾಗಿಯೇ ಮಾತನಾಡುತ್ತಿದ್ದ.

ಮನೆಗೂ ಅದೇ ಕಟ್ಟಳೆ ಬಂತು. ಕತ್ತಲಕೋಣೆಯ ಬಾಗಿಲು ಮುಚ್ಚಿದ್ದರೆ ಬಡಿಯಬೇಕು. ಒಳಗಿನಿಂದ ಅಪ್ಪ "ಕತ್ಲೈತಿ" ಎಂದರೆ ತೆಗೆಯಬಾರದು. ಅವನೇ "ಬೆಳಕು" ಎಂದು ಕೂಗಿದ ಮೇಲೆ ತೆಗೆಯಬಹುದು. ನನಗೆ ಮಾತು ಬರುವಾಗ ಅಪ್ಪ, ಅವ್ವ ಆದ ಮೇಲೆ ಮೂರನೆಯದಾಗಿ ಕಲಿತದ್ದು ಈ ಪದವೆಂದು ಅಜ್ಜಿ ನಗುತ್ತಿದ್ದಳು. ಬಚ್ಚಲಿಗೆ ಹೋದಾಗ ಯಾರಾದರೂ ಬಾಗಿಲು ಬಡಿದರೆ ನಾನೂ "ಕತ್ಲೈತಿ" ಎನ್ನುತ್ತಿದ್ದೆ. ಬರಬರುತ್ತ ನಮ್ಮ ಮನೆಯಲ್ಲಿ ಆ ಮಾತಿಗೆ ಎಲ್ಲ ಸರಿಯಾಗಿದೆ, ನೀವು ನಿಮ್ಮ ಕೆಲಸ ನೋಡಿಕೊಳ್ಳಿ ಎಂಬುದೇ ಅರ್ಥವಾಯಿತು.

ಅವ್ವನಿಗೆ ಆ ಕೋಣೆ ಕಂಡರೆ ಆಗುತ್ತಿರಲಿಲ್ಲ. ಅವಳು ಹಡಗಲಿ ಕಡೆಯವಳು, ಮಲ್ಲಿಗೆಯ ತೋಟಗಳ ನಡುವೆ ಬೆಳೆದವಳು. ಮುಡಿದ ಹೂವಿಗೂ ಹೈಪೊ ವಾಸನೆ ಹತ್ತುತ್ತದೆ ಎಂಬುದು ಅವಳ ತಕರಾರು. ಅದಕ್ಕಿಂತ ದೊಡ್ಡ ಜಗಳ ನೀರಿನದು. ನಲ್ಲಿ ಬಿಡುವುದೇ ಅಪರೂಪ, ಫಿಲ್ಮ್ ತೊಳೆಯಲು ಅಪ್ಪನಿಗೆ ಕೊಡಗಟ್ಟಲೆ ಬೇಕು.

"ಮನ್ಯಾಗಿನ ಮಂದಿ ಜಳಕ ಮಾಡದಿದ್ರೂ ನಡೀತೈತಿ, ನಿಮ್ಮ ರೀಲಿಗೆ ಮಾತ್ರ ದಿನಾ ಗಂಗಾಸ್ನಾನ."

"ನೀ ಜಳಕ ಮಾಡದಿದ್ರ ಕಲಿ ಬೀಳಂಗಿಲ್ಲ. ಫಿಲ್ಮಿಗೆ ಬೀಳ್ತೈತಿ."

ಹೀಗೆ ಜಗಳವಾಡುತ್ತಲೇ ಅವ್ವ ಕೊಡ ತಂದು ಬಾಗಿಲ ಬಳಿ ಇಡುತ್ತಿದ್ದಳು, ಇಟ್ಟು ಬಡಿಯುತ್ತಿದ್ದಳು, ಕತ್ಲೈತಿ ಎಂಬ ಉತ್ತರ ಕೇಳಿ ಮೂತಿ ತಿರುವಿಕೊಂಡು ಹೋಗುತ್ತಿದ್ದಳು. ಆ ಜಗಳಗಳಲ್ಲಿ ಒಂದು ಬೆಚ್ಚಗಿನ ಸದ್ದಿತ್ತು. ಆಮೇಲಿನ ಒಂದು ವರ್ಷ ನಾನು ಅದಕ್ಕಾಗಿ ಎಷ್ಟು ಹಂಬಲಿಸಿದೆನೆಂದರೆ, ಅವರಿಬ್ಬರ ಜಗಳವನ್ನು ನಾನೊಬ್ಬಳೇ ಎರಡೂ ದನಿಯಲ್ಲಿ ಆಡಿಕೊಳ್ಳುತ್ತಿದ್ದೆ.

ಸ್ಟುಡಿಯೊದ ದಿನಗಳು ಆಗಲೇ ಮುಗಿಯುತ್ತಿದ್ದವು. ಬಣ್ಣದ ಫಿಲ್ಮು ಬಂದು, ಊರಿನ ಮದುವೆಗಳ ರೋಲುಗಳೆಲ್ಲ ಬಸ್ಸು ಹತ್ತಿ ದಾವಣಗೆರೆಗೆ ಹೋಗುತ್ತಿದ್ದವು. ಅಪ್ಪನ ಪಾಲಿಗೆ ಉಳಿದದ್ದು ಪರೀಕ್ಷೆಯ ಹಾಲ್ ಟಿಕೆಟ್ಟಿಗೆ ಬೇಕಾದ ಕಪ್ಪು ಬಿಳುಪಿನ ಮುಖಗಳು. ಅಂಥ ಹೊತ್ತಿನಲ್ಲಿ ಹಗರಿಬೊಮ್ಮನಹಳ್ಳಿಯಿಂದ ನಿವೃತ್ತ ಎಂಜಿನಿಯರೊಬ್ಬರು ಅವನನ್ನು ಹುಡುಕಿಕೊಂಡು ಬಂದರು. ಕೂಡ್ಲಿಗಿ ರಸ್ತೆಯ ಒಂದು ಹಳೆಯ ಕೆರೆಗೆ ಗುಡ್ಡದ ನೀರು ತರುತ್ತಿದ್ದ ಕಾಲುವೆ ಅರ್ಧದಲ್ಲಿ ಕಾಣೆಯಾಗಿತ್ತು. ಯಾರ ಯಾರದೋ ನೇಗಿಲು ಅದನ್ನು ಹೂತುಹಾಕಿತ್ತು. ನೆಲದ ಮೇಲೆ ನಿಂತು ನೋಡಿದರೆ ಹೊಲ, ಮೇಲಿನಿಂದ ನೋಡಿದರೆ ಹಸಿ ಹಿಡಿದ ಒಂದು ಕಪ್ಪು ಗೆರೆ ಕಾಣಬಹುದು ಎಂಬುದು ಅವರ ನಂಬಿಕೆ. ಅದರ ನಕ್ಷೆ ಮಾಡಿಕೊಟ್ಟರೆ ಕೆರೆಗೆ ಮತ್ತೆ ನೀರು ತಿರುಗಿಸಬಹುದು. ವಿಮಾನ ಎಲ್ಲಿಂದ ತರುವುದು ಎಂದು ಅವರು ಕೇಳಿದ್ದಕ್ಕೆ ಅಪ್ಪ ಯೋಚಿಸದೆ ಹೇಳಿದ.

"ಆಷಾಢ ಐತಲ್ರಿ ಸಾಹೇಬ್ರ. ಪಟ ಹಾರಸೋಣು."

ಬಿದಿರಿನ ಸೀಳಿಗೆ ರಸಗೊಬ್ಬರದ ಚೀಲದ ಹಾಳೆ ಹೊಲಿದು ಅಪ್ಪ ಆಳೆತ್ತರದ ಪಟ ಮಾಡಿದ. ಅದರ ದಾರಕ್ಕೆ ಕ್ಯಾಮೆರಾ ಕಟ್ಟಿದ. ಮೇಲೆ ಹೋದ ಮೇಲೆ ಗುಂಡಿ ಒತ್ತುವವರು ಯಾರು? ಅದಕ್ಕೆ ಒಂದು ರಬ್ಬರ್ ಪಟ್ಟಿಯನ್ನು ನೂಲಿನಿಂದ ಬಿಗಿದು, ನೂಲಿಗೆ ತಾಗುವಂತೆ ಊದಿನಕಡ್ಡಿ ಸಿಕ್ಕಿಸಿದ. ಕಡ್ಡಿ ಉರಿಯುತ್ತ ಬಂದು ನೂಲು ಸುಟ್ಟಾಗ ರಬ್ಬರ್ ಗುಂಡಿಯನ್ನು ಎಳೆಯುತ್ತಿತ್ತು, ಅದರ ಜೊತೆಗೆ ಒಂದು ಚೂರು ಕೆಂಪು ಕಾಗದ ಕಳಚಿ ಬೀಳುತ್ತಿತ್ತು. ಕಾಗದ ಬಿದ್ದದ್ದನ್ನು ಕಂಡು ಕೂಗುವುದು ನನ್ನ ಕೆಲಸ. ಒಂದು ಸಲ ಏರಿದರೆ ಒಂದೇ ಫೋಟೊ. ಇಳಿಸಿ, ಫಿಲ್ಮ್ ತಿರುಗಿಸಿ, ಹೊಸ ಕಡ್ಡಿ ಹಚ್ಚಿ ಮತ್ತೆ ಏರಿಸಬೇಕು. ಆಷಾಢದ ಗಾಳಿಯಲ್ಲಿ ಹೊಲದ ನಡುವೆ ನಿಂತು ಇಡೀ ದಿನ ಆಕಾಶ ನೋಡುತ್ತಿದ್ದ ನಮ್ಮಿಬ್ಬರ ಹತ್ತಿರ ಮಾತುಗಳೇ ಹೆಚ್ಚಿರಲಿಲ್ಲ. ನನ್ನ ಬಾಲ್ಯದಲ್ಲಿ ಅಪ್ಪನ ಜೊತೆ ಅಷ್ಟು ಹೊತ್ತು ಇದ್ದದ್ದು ಅದೊಂದೇ ಕಾಲ.

ಫೋಟೊಗಳು ಬಂದ ಮೇಲೆ ಪಡಸಾಲೆ ನಮ್ಮದಾಗಿ ಉಳಿಯುತ್ತಿರಲಿಲ್ಲ. ನೆಲದ ತುಂಬ ಅವುಗಳನ್ನು ಹರಡಿ, ಈ ಫೋಟೊದ ಬೇವಿನ ಮರವನ್ನು ಆ ಫೋಟೊದ ಬೇವಿನ ಮರದ ಮೇಲೆ ಕೂರಿಸಿ, ಬ್ಲೇಡಿನಿಂದ ಅಂಚು ಕತ್ತರಿಸಿ, ಗೋಂದು ಹಚ್ಚಿ ಅಪ್ಪ ಒಂದು ದೊಡ್ಡ ಹಾಸು ಮಾಡುತ್ತಿದ್ದ. ಅದರ ಮೇಲೆ ಎಣ್ಣೆಕಾಗದ ಹಾಸಿ ಎಂಜಿನಿಯರು ಗೆರೆ ಎಳೆಯುತ್ತಿದ್ದರು. ನಾವು ಗೋಡೆಗೆ ಬೆನ್ನು ಸವರಿಕೊಂಡು ಓಡಾಡಬೇಕಿತ್ತು. ಕೈ ಪಳಗಲಿ ಎಂದು ಮೊದಲು ನಮ್ಮ ಮನೆಯ ಮೇಲೆಯೇ ಪಟ ಹಾರಿಸಿ ತೆಗೆದ ಒಂದು ಫೋಟೊ ಇತ್ತು. ಅಂದು ಅವ್ವ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಫೋಟೊದಲ್ಲಿ ಅವಳು ತನ್ನನ್ನು ಬಹಳ ಹೊತ್ತು ಹುಡುಕಿದಳು.

"ಇದರಾಗ ನಾ ಎಲ್ಲಿ ಅದೀನ್ರಿ?"

"ಅಕಾ, ಆ ಕರೀ ಗೆರಿ. ಅದು ನಿನ್ನ ನೆಳ್ಳು. ಮ್ಯಾಲಿಂದ ಮನಷ್ಯಾ ಕಾಣಂಗಿಲ್ಲ, ನೆಳ್ಳು ಕಾಣ್ತೈತಿ."

"ಹಂಗಾದ್ರ ಮಟಮಟ ಮಧ್ಯಾಹ್ನ ನಾ ಇಲ್ಲ ಅನ್ರಿ."

ಅಪ್ಪ ನಕ್ಕ. ನನಗೆ ಮಾತ್ರ ಏಕೋ ನಗು ಬರಲಿಲ್ಲ. ಅಷ್ಟು ದೊಡ್ಡ ಊರು, ಅಷ್ಟು ಮಾಳಿಗೆಗಳು, ಒಬ್ಬರ ಮುಖವೂ ಇಲ್ಲ.

ಆ ಸೋಮವಾರ ಅಪ್ಪ ತೊಳೆಯಲು ಕುಳಿತದ್ದು ಆ ವರ್ಷದ ಕೊನೆಯ ರೋಲುಗಳನ್ನು. ಆಷಾಢ ಮುಗಿದು ಗಾಳಿ ಬಿದ್ದುಹೋಗಿತ್ತು. ಕಾಲುವೆಯ ಮೇಲಿನ ತುದಿ, ಅದು ಗುಡ್ಡದಿಂದ ಇಳಿಯುವ ಜಾಗ, ಕೊನೆಯ ರೋಲಿನಲ್ಲಿತ್ತು. ಎಂಜಿನಿಯರು ಮರುದಿನ ಬೆಳಿಗ್ಗೆ ಬರುವವರಿದ್ದರು. ಮಳೆಯ ಥಂಡಿಗೆ ತೊಳೆದ ಫಿಲ್ಮು ಒಣಗುವುದಿಲ್ಲ. ಹೊರಗೆ ತೂಗಿಹಾಕಿದರೆ ಗಿರಣಿಯ ಹಿಟ್ಟು ಕೂರುತ್ತದೆ. ಆದ್ದರಿಂದ ಕತ್ತಲಕೋಣೆಯಲ್ಲೇ ಒಂದು ಮೂಲೆಯಲ್ಲಿ ಒಣಗಲು ತೂಗಿಹಾಕಿ, ಇನ್ನೊಂದು ಮೂಲೆಯಲ್ಲಿ ಮುಂದಿನ ರೋಲು ತೊಳೆಯುತ್ತಿದ್ದ. ಕಾವಿಗೆ ಕೆಂಡ ಬೇಕು. ಸಿಗಡಿಯಲ್ಲಿ, ಅಂದರೆ ಬಾಯಿ ತೆರೆದ ಇದ್ದಲಿ ಒಲೆಯಲ್ಲಿ, ಇಟ್ಟರೆ ಕೆಂಡದ ಕೆಂಪೂ ಫಿಲ್ಮಿಗೆ ಬೆಳಕೇ. ಅದಕ್ಕೆ ಅವನೊಂದು ಉಪಾಯ ಕಂಡುಕೊಂಡಿದ್ದ. ಅವ್ವನ ಇದ್ದಲಿ ಇಸ್ತ್ರಿಪೆಟ್ಟಿಗೆಗೆ ಒಲೆಯ ಕೆಂಡ ತುಂಬಿ, ಮೇಲೆ ಬೂದಿ ಮುಚ್ಚಿ, ಮುಚ್ಚಳ ಬಿಗಿದು, ಅದರ ತೂತುಗಳನ್ನು ಗೋಡೆಯ ಕಡೆಗೆ ತಿರುಗಿಸಿ ಫಿಲ್ಮಿನ ಕೆಳಗೆ ಇಡುತ್ತಿದ್ದ. ಕಾವು ಬರುತ್ತಿತ್ತು, ಬೆಳಕು ಬರುತ್ತಿರಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ನಮ್ಮಲ್ಲಿ ಯಾರೂ ಒಲೆಯೆಂದು ಎಣಿಸಿರಲಿಲ್ಲ. ಅದು ಬಟ್ಟೆ ತಿಕ್ಕುವ ಸಾಮಾನು.

ನಾಲ್ಕು ಗಂಟೆಯ ಸುಮಾರಿಗೆ ಅವ್ವ ಚಹ ತಂದು ಬಾಗಿಲು ಬಡಿದಳು.

"ಚಾ ತಂದೀನ್ರಿ."

"ಕತ್ಲೈತಿ."

ಅವಳು ಲೋಟವನ್ನು ಗೋಡೆಯ ಗೂಡಿನಲ್ಲಿಟ್ಟು ತಟ್ಟೆ ಮುಚ್ಚಿದಳು. ಚಹ ಕೆನೆಗಟ್ಟಿ ಆರಿದ ಮೇಲೆ ಇನ್ನೊಮ್ಮೆ ಬಡಿದಳು. ಈ ಸಲ ಉತ್ತರ ಬರಲು ತುಸು ತಡವಾಯಿತು.

"ಕತ್ಲೈತಿ."

"ಇವತ್ಯಾಕೋ ಭಾಳ ಕತ್ಲಿ ಐತಿ ನಿಮ್ಮ ಮಗಗ," ಎಂದಳು ಅವ್ವ ಅಜ್ಜಿಗೆ.

"ಸ್ವಾಮಾರ ಒಪ್ಪತ್ತು ಅದಾನಲ್ಲ, ಧ್ವನಿ ಇಳದೈತಿ. ಬಿಡು."

ಅವ್ವ ಸಗಣಿ ಕುಳ್ಳಿನ ಮೇಲೆ ಗೋಣಿಚೀಲ ಹೊದಿಸಲು ಹಿತ್ತಲಿಗೆ ಹೋದಳು. ಅಜ್ಜಿ ಮತ್ತು ನಾನು ಉಳಿದೆವು. ಆಗ ಒಳಗಿನಿಂದ ಅಪ್ಪನ ದನಿ ಬಂತು.

"ಕತ್ಲೈತಿ."

ಅಜ್ಜಿ ತಲೆಯೆತ್ತಿದಳು. "ಯಾರು ಬಾಗ್ಲಾ ಬಡದ್ರು?"

"ಯಾರೂ ಇಲ್ಲಜ್ಜಿ."

ಸ್ವಲ್ಪ ಹೊತ್ತಿನ ಮೇಲೆ ಮತ್ತೆ, ಯಾರಿಗೋ ಬೇಡಿಕೊಂಡ ಹಾಗೆ, "ಕತ್ಲೈತಿ."

"ಯಾರಿಗೆ ಹೇಳಾಕತ್ಯಾನಿಂವ?" ಎಂದು ಅಜ್ಜಿ ನನ್ನ ಮುಖ ನೋಡಿದಳು.

ನಾನು ಎದ್ದೆ. ಬಡಿಯಲಿಲ್ಲ. ಬಾಗಿಲ ಬಳೆ ಹಿಡಿದು ಎಳೆದೆ. ಕಂಬಳಿಯ ಅಂಚು ಕಚ್ಚಿಕೊಂಡಿತ್ತು, ಕಾಲು ಕೊಟ್ಟು ಎಳೆಯಬೇಕಾಯಿತು. ಒಂದು ಪರದೆ, ಇನ್ನೊಂದು ಪರದೆ. ಯಾರದೋ ಬಾಯೊಳಗೆ ಹೊಕ್ಕಂಥ ಬಿಸುಪು. ಹೊಗೆಯಿಲ್ಲ, ದಿನದ ಹೈಪೊ ಹುಳಿಯ ಹೊರತು ಬೇರೆ ವಾಸನೆಯಿಲ್ಲ. ಅಪ್ಪ ಸಿಮೆಂಟಿನ ಕಟ್ಟೆಗೆ ಒರಗಿ ನೆಲದ ಮೇಲೆ ಕುಳಿತಿದ್ದ. ಅವನ ಒಂದು ಕೈ ಮೇಲಿನ ಟ್ರೇಯಲ್ಲೇ ಉಳಿದಿತ್ತು, ಬೆರಳಿಗೆ ಫಿಲ್ಮು ಸುತ್ತಿಕೊಂಡಿತ್ತು. ನಾನು ಅವನ ಮುಖಕ್ಕಿಂತ ಮೊದಲು ನೋಡಿದ್ದು ಆ ಫಿಲ್ಮನ್ನು. ಬಾಗಿಲಿನ ಬೆಳಕಿಗೆ ಅದು ನೋಡುನೋಡುತ್ತಿದ್ದಂತೆ ಕಪ್ಪಾಗುತ್ತಿತ್ತು. ಎಷ್ಟೋ ದಿನದ ಗಾಳಿ, ಆಕಾಶ, ಕೆಂಪು ಕಾಗದದ ಚೂರುಗಳು, ಎಲ್ಲದರ ಮೇಲೆ ಕಪ್ಪು ಏರುತ್ತಿತ್ತು.

ಅವ್ವ ಓಡಿಬಂದಳು. ಇಬ್ಬರೂ ಅವನ ರಟ್ಟೆ ಹಿಡಿದು ಹಿತ್ತಲಿನವರೆಗೆ ಎಳೆದೆವು. ಅವನ ಮುಖ ಜ್ವರ ಬಂದವರ ಹಾಗೆ ಕೆಂಪಾಗಿತ್ತು. ಕಣ್ಣು ಅರ್ಧ ತೆರೆದಿದ್ದರೂ ಅವು ನಮ್ಮನ್ನು ನೋಡುತ್ತಿರಲಿಲ್ಲ. ಅಜ್ಜಿ ಅವನ ಹಣೆಯ ವಿಭೂತಿ ಮಳೆಗೆ ಕರಗಿ ಇಳಿಯುವುದನ್ನು ಸೆರಗಿನಿಂದ ಒರೆಸುತ್ತ ಒಂದೇ ಸಮನೆ ಅವನ ಹೆಸರು ಕರೆಯುತ್ತಿದ್ದಳು. ಎಷ್ಟು ಹೊತ್ತಾಯಿತೋ ಹೇಳಲಾರೆ. ಕೊನೆಗೆ ಅವನು ಕೆಮ್ಮಿದ, ವಾಂತಿ ಮಾಡಿಕೊಂಡ, ಉಸಿರು ಎಳೆದುಕೊಂಡ. ಅವನ ಮೊದಲ ಮಾತು ಇದು.

"ಬಾಗ್ಲಾ ಯಾರ್ ತೆಗದ್ರು?"

"ನಾನು," ಎಂದಳು ಅವ್ವ, ಅವನ ಬಾಯಿ ಒರೆಸುತ್ತ. ನಾನು ಅವಳ ಮುಖ ನೋಡಿದೆ. ಅವಳು ನನ್ನ ಕಡೆ ತಿರುಗಲಿಲ್ಲ.

ಡಾಕ್ಟರು ಬಂದು ನೋಡಿ, ಒಪ್ಪತ್ತು ಉಪವಾಸ, ಬಿಡುವಿಲ್ಲದ ಕೆಲಸ, ನಿಶ್ಶಕ್ತಿ ಎಂದು ಗ್ಲೂಕೋಸ್ ಹಚ್ಚಿ ಹೋದರು. ಅಜ್ಜಿ ದೃಷ್ಟಿ ತೆಗೆದಳು. ಎರಡು ದಿನಕ್ಕೆ ಅಪ್ಪ ಎದ್ದು ಓಡಾಡಿದ. ಎದ್ದವನು ನೇರವಾಗಿ ಹೋಗಿ ಆ ಕಪ್ಪು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದ. ಅದರಲ್ಲಿ ನೋಡಲು ಏನೂ ಇರಲಿಲ್ಲ. ಆಮೇಲೆ ಅವ್ವನಿಗೆ ಹೇಳಿದ.

"ಒಂದ್ ಗಳಿಗಿ ತಡದಿದ್ರ ನಾನ ಎದ್ದು ಹೈಪೊಕ್ಕ ಹಾಕ್ತಿದ್ದೆ. ನಿನಗ ತಡಕೊಳ್ಳಾಕ ಆಗಲಿಲ್ಲ. ಒಂದ್ಸವನ ಬಡದಿ. ಕತ್ಲೈತಿ ಕತ್ಲೈತಿ ಅಂತ ಎಷ್ಟ್ ಸಲ ಹೇಳ್ಲಿ?"

"ನಾ ಎರಡ ಸಲ ಬಡದಿದ್ದು. ಒಮ್ಮಿ ಚಾ ತಂದಾಗ, ಒಮ್ಮಿ ಆರಿದಾಗ."

"ಸುಳ್ಳ ಹೇಳಬ್ಯಾಡ. ಢಬ ಢಬ ಅಂತ ಕಿವಿ ಒಡದಹೋಗಂಗ ಬಡದಿ."

"ನಾ ಏನ್ ಪೊಲೀಸ್ನಾಕಿನ, ಢಬ ಢಬ ಬಡಿಯಾಕ?"

ಆ ವರ್ಷ ಅವರು ಆಡಿದ ಕೊನೆಯ ಜಗಳ ಅದು. ಎಂಜಿನಿಯರು ಬಂದು ಜೋಡಿಸಿದ ಫೋಟೊಗಳ ನಡುವೆ ಉಳಿದ ಬಿಳಿ ಜಾಗವನ್ನು ನೋಡಿ, ನಗಿಸಲೆಂದೇ ಹೇಳಿದರು. "ಸಾರ್ಜೆಂಟ್ ಸಾಹೇಬ್ರ, ಗುಡ್ಡದ ನೀರು ಇಲ್ಲೀತನಕ ಹಾರಿ ಬಂದು ಇಲ್ಲಿ ಇಳೀತಾವೇನು? ಇರ್ಲಿ ಬಿಡ್ರಿ, ಮುಂದಿನ ಆಷಾಢಕ್ಕ ನೋಡೋಣು." ಅಪ್ಪ ನಗಲಿಲ್ಲ. ಮರುದಿನ ಬಡಿಗನನ್ನು ಕರೆಸಿ ಕತ್ತಲಕೋಣೆಯ ಬಾಗಿಲಿಗೆ ಒಳಗಡೆಯಿಂದ ಚಿಲಕ ಹಾಕಿಸಿದ. ಇನ್ನು ಬಡಿಯುವ ಅಗತ್ಯವೂ ಇರಲಿಲ್ಲ, ಉತ್ತರಿಸುವ ಅಗತ್ಯವೂ ಇರಲಿಲ್ಲ.

ಆ ಚಿಲಕ ಸರಿಯುವ ಸದ್ದು ಕೇಳಿದಾಗಲೆಲ್ಲ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತಿದ್ದೆ. ಒಳಗೆ ಅವನಿಗೆ ಏನಾಗಿತ್ತೆಂದು ನನಗೆ ತಿಳಿದಿರಲಿಲ್ಲ. ಉಪವಾಸದಿಂದ ಆದದ್ದಲ್ಲ ಎಂಬುದು ಮಾತ್ರ ತಿಳಿದಿತ್ತು. ಆ ಬಿಸುಪಿನೊಳಗೆ ಹೋಗಿ ಬಂದವಳು ನಾನು, ನನಗೂ ಸಂಜೆಯವರೆಗೆ ತಲೆ ಸಿಡಿದಿತ್ತು. ಅದು ಮತ್ತೊಮ್ಮೆ ಆದರೆ ಈಗ ಕಾಲು ಕೊಟ್ಟು ಎಳೆದರೂ ಬಾಗಿಲು ಬರುವುದಿಲ್ಲ. ಯಾರಿಗೆ ಹೇಳುವುದು? ಬಾಗಿಲು ತೆಗೆದವಳು ನಾನೆಂದು ಹೇಳಕೂಡದೆಂದು ಅವ್ವ ನನ್ನಿಂದಲೂ ಅಜ್ಜಿಯಿಂದಲೂ ಆಣೆ ಮಾಡಿಸಿಕೊಂಡಿದ್ದಳು. "ಅವರ ಸಿಟ್ಟು ನನ್ನ ಮ್ಯಾಲಿದ್ರ ಇರ್ಲಿ. ನಾ ಹೆಂಡ್ತಿ, ತಡಕೊಂತೀನಿ. ನೀ ಮಗಳು." ನನ್ನನ್ನು ಕಾಯಲೆಂದೇ ಹಾಗೆ ಮಾಡಿದಳು. ಆದರೆ ಅಪ್ಪ ಬದುಕಿದ ಆ ಗಳಿಗೆಯಲ್ಲಿ ನಾನು ಅಲ್ಲಿ ಇರಲೇ ಇಲ್ಲವೆಂಬಂತಾಯಿತು. ಅಪ್ಪ ಅವ್ವನೊಡನೆ ಮಾತು ಬಿಟ್ಟ. ಅವ್ವ ಕೊಡ ತಂದಿಟ್ಟು ಸುಮ್ಮನೆ ತಿರುಗಿ ಹೋಗುತ್ತಿದ್ದಳು. ಊಟಕ್ಕೆ ಕುಳಿತರೆ ರೊಟ್ಟಿ ಮುರಿಯುವ ಸದ್ದು ಕೇಳುತ್ತಿತ್ತು. ಶಾಲೆಯಿಂದ ಬಂದವಳು ನಾನು ಆ ಮುಚ್ಚಿದ ಬಾಗಿಲ ಪಕ್ಕದಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ, ಒಳಗೆ ಟ್ರೇ ಅಲುಗುವ ಸದ್ದು ಕೇಳಿಸಿಕೊಳ್ಳುತ್ತ. ಸದ್ದು ನಿಂತರೆ ನನ್ನ ಉಸಿರೂ ನಿಲ್ಲುತ್ತಿತ್ತು. ರಾತ್ರಿ ಪಡಸಾಲೆಯಲ್ಲಿ ಸಾಲಾಗಿ ಮಲಗಿದಾಗ ಅಪ್ಪನ ಉಸಿರಿಗೆ ಕಿವಿ ಕೊಟ್ಟಿರುತ್ತಿದ್ದೆ, ಮಂಪರು ಹತ್ತಿದರೆ ಬೆಚ್ಚಿ ಏಳುತ್ತಿದ್ದೆ. ನಮ್ಮಿಬ್ಬರ ನಡುವೆ ಮಲಗುತ್ತಿದ್ದ ಅವ್ವನೂ ಎಚ್ಚರವಾಗಿಯೇ ಇರುತ್ತಾಳೆಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ತಿಳಿದ ಮೇಲೂ ನಾವಿಬ್ಬರೂ ನಿದ್ದೆ ಬಂದವರಂತೆ ನಟಿಸುವುದನ್ನು ಬಿಡಲಿಲ್ಲ.

ಮುಂದಿನ ಆಷಾಢ ಬಂತು. ಬಿಳಿ ಜಾಗ ತುಂಬಲು ಅಪ್ಪ ಮತ್ತೆ ಪಟ ಹಾರಿಸಿದ, ನಾನು ಮತ್ತೆ ಕೆಂಪು ಕಾಗದಕ್ಕೆ ಕಾದೆ. ಗಾಳಿಯ ಕೊನೆಗೆ ಮತ್ತೆ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಅವನು ರೋಲುಗಳನ್ನು ಹಿಡಿದು ಒಳಗೆ ಹೋದ. ಒಲೆಯಿಂದ ಕೆಂಡವನ್ನು ತಾನೇ ಇಸ್ತ್ರಿಪೆಟ್ಟಿಗೆಗೆ ತುಂಬಿಕೊಂಡು ಹೋಗಿದ್ದ. ಚಿಲಕ ಸರಿಯಿತು. ಸ್ವಲ್ಪ ಹೊತ್ತಿನ ಮೇಲೆ ಗಿರಣಿ ನಿಂತಿತು. ನಾನು ಬಾಗಿಲಿಗೆ ಕಿವಿ ಹಚ್ಚಿ ಕುಳಿತೆ. ಕುಳಿತಲ್ಲಿಯೇ ನನಗೊಂದು ವಿಚಾರ ಹೊಳೆಯಿತು. ಕತ್ಲೈತಿ ಎಂದು ನಿದ್ದೆಯಲ್ಲೂ ಹೇಳಬಹುದು. ಎಚ್ಚರವಿದ್ದವನು ಮಾತ್ರ ಹೇಳಬಲ್ಲದ್ದನ್ನು ಕೇಳಬೇಕು.

"ಅಪ್ಪಾ, ಹದಿನೇಳ ಎಂಟ್ಲೆ ಎಷ್ಟು?"

ಒಳಗೆ ಟ್ರೇಯ ಸದ್ದು ನಿಂತಿತು. "ಏನವ್ವ ಇದು?"

"ಹೇಳು."

"ನೂರಾ ಮೂವತ್ತಾರು. ಹೋಗಿ ಓದ್ಕ."

ನಾನು ಹೋಗಲಿಲ್ಲ. ತುಸು ಹೊತ್ತು ಬಿಟ್ಟು ಹತ್ತೊಂಬತ್ತು ಆರಲೆ ಕೇಳಿದೆ. ಹೇಳಿದ. ಆಮೇಲೆ ಹದಿನೆಂಟು ಏಳಲೆ ಕೇಳಿದೆ. ಉತ್ತರ ಬರಲು ಬಹಳ ಹೊತ್ತಾಯಿತು, ಬಂದದ್ದು ತಪ್ಪಾಗಿತ್ತು.

"ಬಾಗ್ಲಾ ತೆಗಿಯಪ್ಪ."

"ಕತ್ಲೈತಿ."

"ಕತ್ಲೈತಿ ಅಂದ್ರ ನನಗ ನಂಬಿಕಿಲ್ಲ. ಅವತ್ತ ಯಾರೂ ಬಡದಿರಲಿಲ್ಲ. ನೀನ ನೀನ ಕತ್ಲೈತಿ ಅಂದಿ. ಅವ್ವ ಹಿತ್ತಲದಾಗಿದ್ಲು. ಅದಕ್ಕ ನಾ ತೆಗದೆ. ಅವ್ವ ತೆಗದಿಲ್ಲ, ನಾ ತೆಗದೆ."

ಅಡುಗೆಮನೆಯ ಬಾಗಿಲಲ್ಲಿ ಅವ್ವ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

"ಯಾರೂ ಬಡದಿರಲಿಲ್ಲ?" ಎಂದ ಅಪ್ಪ ಒಳಗಿನಿಂದ.

"ಅಜ್ಜೀನ ಕೇಳು."

"ಹೌದೋ ತಮ್ಮಾ," ಎಂದಳು ಅಜ್ಜಿ ಪಡಸಾಲೆಯಿಂದ. "ನಾನೂ ಕೇಳಿದೆ, ಯಾರು ಬಡದ್ರು ಅಂತ. ಯಾರೂ ಬಡದಿರಲಿಲ್ಲ."

ಬಾಗಿಲಿನ ಆಚೆಗೆ ಅಪ್ಪನ ದನಿ ತೀರ ಹತ್ತಿರ ಬಂತು, ತಗ್ಗಿದ ದನಿ, ನಾನು ಅವನ ಬಾಯಲ್ಲಿ ಎಂದೂ ಕೇಳದಿದ್ದ ದನಿ.

"ಗಿರಿಜವ್ವ, ಮತ್ತ ಈಗ ಬಡಿಯಾಕತ್ತವರು ಯಾರು?"

ನನ್ನ ಎರಡೂ ಕೈ ನನ್ನ ಮಡಿಲಲ್ಲಿದ್ದವು.

"ಯಾರೂ ಇಲ್ಲಪ್ಪ."

ಚಿಲಕ ಒಮ್ಮೆ ಅಲುಗಿತು, ನಿಂತಿತು. ಮತ್ತೆ ಅಲುಗಿತು. ಅವನ ಬೆರಳು ಅದನ್ನು ಹುಡುಕುವುದು ಕೇಳಿಸುತ್ತಿತ್ತು. ಅವ್ವ ಬಂದು ಹಲಗೆಗೆ ಅಂಗೈ ಇಟ್ಟು, ಒಂದು ವರ್ಷದ ಮೇಲೆ ಮೊದಲ ಸಲ ಅವನೊಡನೆ ಮಾತಾಡಿದಳು. "ಮ್ಯಾಲೆ ಐತ್ರಿ. ಕೈ ಮ್ಯಾಲೆ ತರ್ರಿ. ಬಲಕ್ಕ ಸರಸ್ರಿ." ಚಿಲಕ ಸರಿಯಿತು. ಬಾಗಿಲು ಒಳಗಿನಿಂದ ತೆರೆದು ಅಪ್ಪ ಮೊಣಕಾಲ ಮೇಲೆ ಹೊರಗೆ ಬಂದ. ಅವನ ಹಿಂದೆ ಪರದೆಗಳು ಸಿಕ್ಕಿಕೊಂಡು ಹರಿದವು, ಟ್ರೇಯ ತುಂಬ ಬೆಳಕು ಬಿತ್ತು. ಅವನು ತಿರುಗಿ ನೋಡಲಿಲ್ಲ.

ಹಿತ್ತಲಲ್ಲಿ ಕುಳಿತು ಬಹಳ ಹೊತ್ತು ತಲೆ ಹಿಡಿದುಕೊಂಡಿದ್ದ. ಕಿವಿಯಲ್ಲಿ ಬಡಿಯುವುದು ನಿಧಾನವಾಗಿ ಕಡಿಮೆಯಾಯಿತಂತೆ. ಆಮೇಲೆ ಇಸ್ತ್ರಿಪೆಟ್ಟಿಗೆಯನ್ನು ಹೊರಗೆ ತರಲು ಹೇಳಿದ, ಉಸಿರು ಬಿಗಿಹಿಡಿದು ಹೋಗಿ ಬರಬೇಕೆಂದ. ಉತ್ತರದ ಚಳಿಯೂರಿನ ಅವರ ಕ್ಯಾಂಪಿನಲ್ಲಿ ಡೇರೆಯೊಳಗೆ ಸಿಗಡಿ ಇಟ್ಟುಕೊಂಡು ಮಲಗಿದ ಇಬ್ಬರು ಬೆಳಿಗ್ಗೆ ಏಳಲಿಲ್ಲವೆಂದು ಆಗ ನೆನಪಿಸಿಕೊಂಡ. ಅಲ್ಲಿ ಎಲ್ಲರಿಗೂ ಸಿಗಡಿಯ ಎಚ್ಚರ ಹೇಳುತ್ತಿದ್ದರಂತೆ. ಸಿಗಡಿಯನ್ನು ಅವನು ನಮ್ಮ ಮನೆಯಲ್ಲಿ ಎಂದೂ ಒಳಗೆ ತಂದಿರಲಿಲ್ಲ. ಮುಚ್ಚಳ ಹಾಕಿದ, ಬಟ್ಟೆ ತಿಕ್ಕುವ ಪೆಟ್ಟಿಗೆಯ ಮೇಲೆ ಅವನಿಗೆ ಅನುಮಾನ ಬಂದಿರಲಿಲ್ಲ. ಅವ್ವನ ಕಡೆ ನೋಡಿ ಅವನು ಅಂದದ್ದು ಇಷ್ಟೇ.

"ನೀ ಎರಡ ಸಲ ಬಡದಿದ್ದಿ."

"ಎರಡ ಸಲ," ಎಂದಳು ಅವ್ವ. "ಎರಡ ಸಲಾನೂ ತೆಗೀಲಿಲ್ಲ." ಹೇಳಿ, ಹಿಟ್ಟು ಮೆತ್ತಿದ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತಳು. ಒಂದು ವರ್ಷ ಅವಳು ಏನನ್ನು ಹೊತ್ತುಕೊಂಡು ಎಚ್ಚರವಾಗಿದ್ದಳೆಂದು ನನಗೆ ಆಗ ತಿಳಿಯಿತು.

ನಕ್ಷೆಯ ಬಿಳಿ ಜಾಗ ಹಾಗೇ ಉಳಿಯಿತು. ಎಂಜಿನಿಯರು ಅಲ್ಲಿ ಚುಕ್ಕೆಗಳ ಸಾಲು ಹಾಕಿ, ಕಾಲುವೆ ಇಲ್ಲಿ ಇದ್ದಿರಬಹುದು ಎಂದು ಬರೆದುಕೊಂಡರು. ಕೆರೆಗೆ ನೀರು ತಿರುಗಿತೋ ಇಲ್ಲವೋ ನನಗೆ ಗೊತ್ತಿಲ್ಲ. ಹರಪನಹಳ್ಳಿಯಲ್ಲಿ ಕಾಲೇಜು ಓದುವಾಗ ರಸಾಯನಶಾಸ್ತ್ರದ ತರಗತಿಯಲ್ಲಿ ಮೇಷ್ಟ್ರು ಒಂದು ದಿನ ಆ ಅನಿಲದ ಹೆಸರು ಬರೆದು, ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿ ಸಾಲದೆ ಉರಿಯುವ ಕೆಂಡದಿಂದ ಹುಟ್ಟುತ್ತದೆ ಎಂದು ಹೇಳಿ ಮುಂದಿನ ಪಾಠಕ್ಕೆ ಹೋದರು. ನಾನು ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಹೆಸರು ಸಿಕ್ಕಿದ್ದರಿಂದ ಏನೂ ಹಗುರಾಗಲಿಲ್ಲ. ಈಗಲೂ ಯಾವ ಊರಿನ ಯಾವ ಲಾಡ್ಜಿಗೆ ಹೋದರೂ ಮೊದಲು ಕಿಟಕಿ ತೆರೆಯುತ್ತದೋ ನೋಡುತ್ತೇನೆ. ಬಚ್ಚಲಿನ ಗ್ಯಾಸ್ ಗೀಸರಿನಿಂದ ಯಾರೋ ಸತ್ತರೆಂದು ಪತ್ರಿಕೆಯಲ್ಲಿ ಓದಿದರೆ, ಅವರ ಬಾಗಿಲ ಹೊರಗೆ ಯಾರು ಕುಳಿತಿದ್ದರು, ಒಳಗಿನಿಂದ ಏನು ಕೇಳಿಸಿಕೊಂಡರು ಎಂದು ಯೋಚಿಸುತ್ತ ಕೂರುತ್ತೇನೆ. ನನ್ನ ಮಕ್ಕಳು ಸ್ನಾನಕ್ಕೆ ಹೋದರೆ ಒಳಗಿನಿಂದ ಹಾಡುತ್ತಿರಬೇಕು. ಅವರಿಗೆ ಇದು ಅಮ್ಮನ ಹುಚ್ಚು.

ಎರಡನೆಯ ಸಲ ಹಾಗಾದ ಆ ದಿನ ರಾತ್ರಿ ನಮಗೆ ನಿದ್ದೆ ಬರಲಿಲ್ಲ, ಮರುರಾತ್ರಿಯೂ ಬರಲಿಲ್ಲ. ಆಮೇಲೆ ಸಂತೆಯ ದಿನ ಬಂತು. ಅಪ್ಪ ಬೆಳಿಗ್ಗೆ ಏಣಿ ಹಾಕಿ ಮಾಳಿಗೆಗೆ ಹತ್ತಿ ಗವಾಕ್ಷಿಯ ತಗಡು ಕಿತ್ತ. ಡಾಂಬರು ಕಲ್ಲಾಗಿತ್ತು, ಮಧ್ಯಾಹ್ನದವರೆಗೆ ಹಾರೆ ಬಡಿದ. ಅವ್ವ ಕೆಳಗೆ ನಿಂತು, ಮಾಳಿಗೆ ಬಿದ್ದರೆ ಹೊಸ ಮನೆ ಕಟ್ಟಿಸಿಕೊಡಬೇಕೆಂದು ಗದರಿಸುತ್ತಿದ್ದಳು. ಅವನು ಮೇಲಿನಿಂದ ಮಣ್ಣಿನ ಹೆಂಟೆ ಅವಳ ಕಾಲ ಬಳಿ ಬೀಳುವಂತೆ ಎಸೆದ. ಸಂಜೆ ಸಂತೆಯಿಂದ ಬದನೆಕಾಯಿ ಬಂತು, ಅಜ್ಜಿ ಎಣ್ಣೆಗಾಯಿ ಮಾಡಿದಳು, ಅಪ್ಪ ಮೂರು ರೊಟ್ಟಿಯ ಮೇಲೆ ಇನ್ನೊಂದು ಬೇಡಿದ. ಹಾಸಿಗೆ ಹಾಸಿದ ಮೇಲೆ ನಾನು ಎಂದಿನಂತೆ ಕಿವಿ ಕೊಟ್ಟು ಮಲಗಿದೆ. ಅವನ ಉಸಿರಿಗಿಂತ ಮೊದಲು ಅವ್ವನ ಗೊರಕೆ ಕೇಳಿಸಿತು. ಅವ್ವ ಗೊರಕೆ ಹೊಡೆಯುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಎದ್ದು ಅವಳನ್ನು ಕಾಡಿಸಬೇಕೆಂದುಕೊಂಡೆ. ಅಷ್ಟೇ ನೆನಪು.

ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಶಾಲಿ ಗಂಟಿ ಬಾರಿಸಿ ಎಷ್ಟೊತ್ತಾತು. ಗಂಡ, ಹೆಂಡ್ತಿ, ಮಗಳು, ಮೂರೂ ಮಂದಿ ಹಿಂಗ ಬಿದ್ದಕೊಂಡೀರಿ. ನಾ ಯಾರನ್ನ ಮೊದಲು ಎಬ್ಬಸ್ಲಿ?"

ಅಪ್ಪ ಬಾಯಿ ತೆರೆದು ಮಲಗಿದ್ದ. ಅವ್ವ ಕೆನ್ನೆಯ ಕೆಳಗೆ ಅಂಗೈ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದ್ದಳು, ಅವಳ ಸೀರೆಯ ಅಂಚು ಅಪ್ಪನ ಕಾಲ ಕೆಳಗೆ ಸಿಕ್ಕಿಕೊಂಡಿತ್ತು.

"ಯಾರನ್ನೂ ಬ್ಯಾಡಜ್ಜಿ," ಎಂದೆ. ಎದ್ದು ಅವರಿಬ್ಬರ ನಡುವೆ ಜಾಗ ಮಾಡಿಕೊಂಡು ಮತ್ತೆ ಮಲಗಿದೆ.